ಗಂಡನನ್ನು ಎಲ್ಲಿ ಬಿಡಿಸುವುದು

ಪೆನ್ನು ಹಿಡಿಯುವ ಮೊದಲು ನಮ್ಮ ಕಡೆಯ ಹೆಂಗಸರು ಬಲಗೈಯ ಬಳೆಗಳನ್ನು ಮೊಣಕೈಯ ಕಡೆಗೆ ಒಮ್ಮೆ ಒತ್ತಿ ಸರಿಸಿಕೊಳ್ಳುತ್ತಾರೆ. ರೊಟ್ಟಿಯ ಹಿಟ್ಟು ನಾದುವ ಮೊದಲು ಮಾಡುವುದೂ ಇದನ್ನೇ. ಬಳೆಗಳು ಮೇಲೆ ಬಿಗಿಯಾಗಿ ನಿಲ್ಲುತ್ತವೆ. ಅವು ಇದ್ದ ಜಾಗದಲ್ಲಿ, ಮಣಿಕಟ್ಟಿನ ಸುತ್ತ, ಬಿಸಿಲು ತಾಕದ ಒಂದು ತೆಳು ಪಟ್ಟಿ ಕಾಣುತ್ತದೆ.

ಆ ಪಟ್ಟಿಯನ್ನು ಸರಿಯಾಗಿ ಬಿಡಿಸಲು ನನಗೆ ಒಂದು ಮಧ್ಯಾಹ್ನವೇ ಹಿಡಿಯಿತು. ತಿಳಿ ಬಣ್ಣ ಹಾಕಿದರೆ ಗಾಯದಂತೆ ಕಾಣುತ್ತಿತ್ತು, ಗಾಢ ಮಾಡಿದರೆ ಮಾಯವಾಗುತ್ತಿತ್ತು. ಕೊನೆಗೆ ಸರಿಹೋಯಿತು. ಚಿತ್ರದ ಹೆಂಗಸು ಕಾಗದದ ಮೇಲೆ ಬಾಗಿ ಸಹಿ ಮಾಡುತ್ತಿದ್ದಳು. ಕೆಳಗೆ ದೊಡ್ಡ ಅಕ್ಷರದಲ್ಲಿ ‘ನಿನ್ನ ಸಹಿ ಸಾಕು’ ಎಂದು ಬರೆದೆ.

ಚಿಕ್ಕೋಡಿಯ ಕೋರ್ಟಿನ ಹಿಂದಿನ ಓಣಿಯಲ್ಲಿ, ಜೆರಾಕ್ಸ್ ಅಂಗಡಿಯ ಮೇಲಿನ ಕೋಣೆಯಲ್ಲಿ ನಾನು ಕೆಲಸ ಮಾಡುವ ಸಣ್ಣ ಸಂಸ್ಥೆಯಿದೆ. ಹೆಂಗಸರಿಗೆ ಸಂಬಂಧಿಸಿದ ಕಾಯ್ದೆಗಳನ್ನು ಓದು ಬಾರದವರಿಗೂ ತಿಳಿಯುವಂತೆ ಚಿತ್ರಗಳಲ್ಲಿ ಹೇಳುವುದು ನನ್ನ ಪಾಲಿನ ಕೆಲಸ. ಧಾರವಾಡದಲ್ಲಿ ಚಿತ್ರವಿನ್ಯಾಸ ಓದಿ ಊರಿಗೆ ಮರಳಿದಾಗ ನನಗೆ ಸಿಕ್ಕಿದ್ದು ಇದೊಂದೇ ಕೆಲಸ, ಮತ್ತು ನಾನು ಬೇರೆಯದನ್ನು ಹುಡುಕಲೂ ಇಲ್ಲ. ಕೇಳಿದವರಿಗೆ ಅವ್ವ, ‘ಆಕಿ ಆರೋಗ್ಯದ ಬೋರ್ಡ್ ಬರೀತಾಳ್ರಿ’ ಎನ್ನುತ್ತಾಳೆ. ನಾನು ತಿದ್ದಿಲ್ಲ. ಗರ್ಭಪಾತ ಎಂಬ ಪದವನ್ನು ನಮ್ಮ ಮನೆಯಲ್ಲಿ ಯಾರೂ ಗಟ್ಟಿಯಾಗಿ ಹೇಳಿದ್ದು ನನಗೆ ನೆನಪಿಲ್ಲ. ನಾನೂ ಹೇಳಿಲ್ಲ.

ಗರ್ಭಪಾತದ ಕಾಯ್ದೆ ಮಾತ್ರ ಸ್ಪಷ್ಟವಾಗಿದೆ. ಅದು ಹೇಳಿದ ಕಾರಣಗಳಲ್ಲಿ ಒಂದಿದ್ದು, ಇಪ್ಪತ್ತು ವಾರದೊಳಗಿದ್ದರೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು. ಗರ್ಭನಿರೋಧಕ ಕೈಕೊಟ್ಟಿದ್ದೂ ಒಂದು ಕಾರಣವೇ. ಹದಿನೆಂಟು ತುಂಬಿದ ಹೆಂಗಸಾದರೆ ಬೇಕಾದದ್ದು ಅವಳೊಬ್ಬಳ ಒಪ್ಪಿಗೆ. ಗಂಡನದ್ದು ಬೇಡ, ಅತ್ತೆಯದ್ದು ಬೇಡ, ತಂದೆಯದ್ದು ಬೇಡ. ಅವಳ ಹೆಸರು ಹೊರಗೆ ಹೋಗಕೂಡದು. ಇಷ್ಟನ್ನು ಬರೆಯಲು ನಾಲ್ಕು ಸಾಲು ಸಾಕು. ಬಿಡಿಸಲು ಹೊರಟಾಗ ಕಷ್ಟ ತಿಳಿಯಿತು. ಇರುವುದನ್ನು ಬಿಡಿಸಬಹುದು. ‘ಬೇಕಾಗಿಲ್ಲ’ ಎಂಬುದನ್ನು ಬಿಡಿಸುವುದು ಹೇಗೆ? ಗಂಡನ ಸಹಿ ಬೇಕಾಗಿಲ್ಲ ಎನ್ನಲು ನಾನು ಗಂಡನನ್ನೇ ಚಿತ್ರದಿಂದ ಬಿಟ್ಟಿದ್ದೆ. ಬಸುರಿ ಹೆಂಗಸು, ಮೇಜು, ಕಾಗದ, ಎದುರಿಗೆ ಡಾಕ್ಟರ್, ಅಷ್ಟೆ.

ಅಚ್ಚಿಗೆ ಹೋಗುವ ಮೊದಲು ಕಾರ್ಡುಗಳನ್ನು ಹೆಂಗಸರಿಗೆ ತೋರಿಸಿ, ಏನು ಕಾಣುತ್ತದೆಂದು ಕೇಳುವುದು ನಮ್ಮ ಪದ್ಧತಿ. ವಿವರಿಸಬಾರದು, ಸುಮ್ಮನೆ ಕೇಳಿಸಿಕೊಳ್ಳಬೇಕು. ಮೊದಲ ಸಲ ತೆಲಸಂಗಕ್ಕೆ ಹೋದೆ. ಹಾಲಿನ ಡೇರಿಯ ಪಕ್ಕದ ಬೇವಿನ ನೆರಳಿನಲ್ಲಿ ಹತ್ತಾರು ಹೆಂಗಸರು ಕೂತಿದ್ದರು. ಕಾರ್ಡು ಕೈಯಿಂದ ಕೈಗೆ ಹೋಯಿತು.

‘ಪಾಪ, ಈಕಿ ಗಂಡ ಹೋಗ್ಯಾನ’ ಎಂದಳು ಒಬ್ಬ ಮುದುಕಿ.

‘ಹಸರ ಬಳಿ ಅದಾವಲ್ಲ ಬೇ. ಸತ್ತಿಲ್ಲ, ಬಿಟ್ಟಾನ.’

‘ಬಿಟ್ಟಾಕಿಗೆ ಹೊಟ್ಟಿ ಎಲ್ಲಿಂದ ಬಂತ?’

‘ಅದಕ್ಕs ಬಿಟ್ಟಾನ.’

ಎಲ್ಲರೂ ನಕ್ಕರು. ನಾನೂ ನಕ್ಕೆ. ಒಂಟಿ ಹೆಂಗಸನ್ನು ಒಂಟಿ ಹೆಂಗಸೆಂದೇ ಅವರು ಓದಿದ್ದರು. ಇದು ಗಂಡನಿಲ್ಲದವರ ಕಾಯ್ದೆ, ನಮ್ಮದಲ್ಲ ಎಂದು ಕಾರ್ಡನ್ನು ನನ್ನ ಕೈಗೆ ಮರಳಿಸಿದರು.

ಮುಂದಿನ ವಾರ ಗಂಡನನ್ನೂ ಬಿಡಿಸಿ, ಅವನ ಮೇಲೆ ಕೆಂಪು ಗೀಟು ಎಳೆದುಕೊಂಡು ಹೋದೆ.

‘ಇವ್ನ ಯಾಕ ಕೊಂದ್ರಿ?’ ಎಂದು ಕೇಳಿದವಳು ಗುಂಪಿನ ಅಂಚಿಗೆ ಕೂತಿದ್ದ ಒಬ್ಬ ಸೊಸೆ. ವಯಸ್ಸಿನಲ್ಲಿ ನನ್ನಷ್ಟೇ ಇರಬೇಕು. ಕುರಿ ಸಾಕುವ ಮನೆತನ. ಮೂರು ಮಕ್ಕಳ ತಾಯಿ, ಕೊನೆಯದು ಸೆರಗಿನೊಳಗೆ ಹಾಲು ಕುಡಿಯುತ್ತಿತ್ತು. ಹೋದ ಸಲ ಗಂಡ ಬಿಟ್ಟಿದ್ದಕ್ಕೆ ಕಾರಣ ಹೇಳಿದ್ದವಳೂ ಅವಳೇ.

‘ಕೊಂದಿಲ್ಲ. ಅವರ ಸಹಿ ಬೇಕಾಗಿಲ್ಲ ಅಂತ.’ ವಿವರಿಸಬಾರದೆಂಬ ನಿಯಮವನ್ನು ನಾನೇ ಮುರಿದೆ.

‘ಹಂಗಾರ ಹೊಡದ ಹಾಕೂದ್ಯಾಕ? ನಮ್ಮವ್ರು ಎಲ್ಲಿರ್ತಾರ ಅಲ್ಲೇ ನಿಂದ್ರಸ್ರಿ. ಕುರಿ ಹಿಂದ.’

‘ಅಲ್ಲಿಂದ ಅವ ಹೊಳ್ಳಿ ನೋಡೂದೂ ಇಲ್ಲ ಬಿಡ’ ಎಂದಳು ಇನ್ನೊಬ್ಬಳು.

ಹಾಗೆಯೇ ಬಿಡಿಸಿದೆ. ಮುಂದೆ ಹೆಂಗಸು ಸಹಿ ಮಾಡುತ್ತಿದ್ದಾಳೆ. ಹಿಂದೆ, ಕಿಟಕಿಯಾಚೆ ದೂರದಲ್ಲಿ, ಹೆಗಲಿಗೆ ಕಂಬಳಿ ಹಾಕಿಕೊಂಡ ಗಂಡ ಕುರಿಗಳ ಹಿಂದೆ ನಡೆಯುತ್ತಿದ್ದಾನೆ, ಬೆನ್ನು ಇತ್ತ. ಮಳೆ ಮುಗಿದ ಮೇಲೆ ಆ ಕಡೆಯ ಗಂಡಸರು ಹಿಂಡು ಹೊಡೆದುಕೊಂಡು ಕೃಷ್ಣೆಯ ದಂಡೆಗೆ ಇಳಿಯುತ್ತಾರೆ. ಕಾಗವಾಡ, ರಾಯಬಾಗದ ಕಬ್ಬು ಕಡಿದ ಹೊಲಗಳಲ್ಲಿ ಗೊಬ್ಬರಕ್ಕಾಗಿ ಕುರಿ ತರುಬುತ್ತಾರೆ, ರಾತ್ರಿಯೆಲ್ಲ ಅಲ್ಲೇ ಕೂಡಿ ಹಾಕುತ್ತಾರೆ. ತಿಂಗಳುಗಟ್ಟಲೆ ಬರುವುದಿಲ್ಲ. ಚಿತ್ರ ನೋಡಿದ ಹೆಂಗಸರು ಈ ಸಲ ತಡವರಿಸಲಿಲ್ಲ. ‘ಗಂಡ ಅದಾನ, ತನ್ನ ಕೆಲಸದಾಗ ಅದಾನ, ಈಕಿ ತನ್ನ ಸಹಿ ತಾ ಮಾಡಾಕತ್ತಾಳ’ ಎಂದು ಮುದುಕಿಯೇ ಹೇಳಿದಳು. ಆ ದಿನ ನನಗೆ ಆದ ಸಂತೋಷವನ್ನು ಇಲ್ಲಿ ಬರೆಯದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಕಾಯ್ದೆಯ ಒಂದು ಸಾಲು ಚಿತ್ರವಾಗಿ, ಚಿತ್ರ ಮತ್ತೆ ಅವರ ಬಾಯಲ್ಲಿ ಅದೇ ಸಾಲಾಗಿ ಬಂದಿತ್ತು. ನಾನು ಓದಿದ್ದು ಇದಕ್ಕೇ ಎಂದುಕೊಂಡೆ.

ಬಸ್ಸಿಗೆ ಕಾಯುತ್ತಿದ್ದಾಗ ಆ ಸೊಸೆ ಹಿಂದೆ ಬಂದು ನಿಂತಳು. ಕೂಸು ಕಂಕುಳಲ್ಲಿತ್ತು.

‘ಅಕ್ಕಾರ, ನಿಮ್ಮ ಚಿತ್ರದಾಕಿ ಹೆಸರೇನ್ರಿ?’

‘ಹೆಸರಿಟ್ಟಿಲ್ಲ.’

‘ನಂದೇ ಇಡ್ರಿ.’

ಅವಳು ರಸ್ತೆಯನ್ನು ನೋಡುತ್ತಲೇ ಹೇಳಿದಳು. ಕಾಪರ್-ಟಿ ಹಾಕಿಸಿದ್ದು ಯಾವಾಗ ಬಿತ್ತೋ ತಿಳಿಯಲಿಲ್ಲ, ಈಗ ಮೂರು ತಿಂಗಳ ಮೇಲಾಗಿದೆ. ಹೋದ ಹೆರಿಗೆಯಲ್ಲಿ ರಕ್ತ ನಿಲ್ಲದೆ ಅವಳನ್ನು ಮಿರಜಿಗೆ ಒಯ್ದಿದ್ದರು. ಇನ್ನೊಂದು ಬೇಡ ಎಂದು ಅಲ್ಲಿಯ ಡಾಕ್ಟರು ಮರಾಠಿಯಲ್ಲಿ ಅತ್ತೆಗೆ ಹೇಳಿದ್ದರು. ಅತ್ತೆಗೆ ಮರಾಠಿ ಚೆನ್ನಾಗಿ ಬರುತ್ತದೆ. ಊರಿಗೆ ಬಂದ ಮೇಲೆ ಆ ಮಾತು ಯಾರೂ ಎತ್ತಲಿಲ್ಲ.

‘ಹ್ವಾದ ಸಲ ನಾ ಸತ್ತs ಬಂದೀನ್ರಿ. ಮತ್ತ ಹೋಗಾಕ ನನಗ ಧೈರ್ಯ ಇಲ್ಲ. ನಿಮ್ಮ ಕಾರ್ಡ್ ಖರೇನ ಐತೇನು?’

‘ಖರೇ ಐತಿ’ ಎಂದು ಕಾರ್ಡಿನ ಒಂದು ಪ್ರತಿಯನ್ನು ಅವಳ ಕೈಗೆ ಕೊಟ್ಟೆ.

ಅತ್ತೆಗೆ ಹಲ್ಲುನೋವಿನ ನೆಪ ಹೇಳಿ ಅವಳು ಬಂದಳು. ತಾಲ್ಲೂಕು ಊರಿನ ಆಸ್ಪತ್ರೆ ಅದು, ಯಾವುದೆಂದು ಬರೆಯುವುದಿಲ್ಲ. ನಾನು ಬಾಗಿಲಲ್ಲಿ ಕಾಯುತ್ತಿದ್ದೆ. ಹೆರಿಗೆ ವಿಭಾಗದ ಹೊರಗೆ ಗೋಡೆಯ ತುಂಬ ಒಂದು ಚಿತ್ರವಿತ್ತು: ಗರ್ಭದೊಳಗೆ ಕೈಮುಗಿದು ಕೂತ ಹೆಣ್ಣು ಶಿಶು, ಅದರ ಕಡೆಗೆ ಚಾಚಿದ ಕತ್ತರಿ, ಕಣ್ಣೀರು, ‘ಅಮ್ಮಾ, ನನ್ನನ್ನು ಕೊಲ್ಲಬೇಡ’. ಲಿಂಗ ಪತ್ತೆ ಮಾಡಿಸುವುದು ಅಪರಾಧ ಎಂದು ಹೇಳಲು ಬರೆಸಿದ್ದು ಅದು. ಆ ಮಾತು ಕೆಳಗೆ ಸಣ್ಣ ಅಕ್ಷರದಲ್ಲಿತ್ತು. ದೂರದಿಂದ ಓದಿಸಿಕೊಳ್ಳುತ್ತಿದ್ದದ್ದು ಕತ್ತರಿ ಮತ್ತು ಶಿಶು. ಗಡಿಯ ಈ ಊರುಗಳಲ್ಲಿ ಅಂಥ ಗೋಡೆ ಬೇಕೇ ಬೇಕು, ಅದರ ಬಗ್ಗೆ ನನಗೆ ತಕರಾರಿಲ್ಲ. ಆದರೆ ಅದನ್ನು ನೋಡುತ್ತ ಬೆಳೆದವರಿಗೆ ಎಲ್ಲ ಗರ್ಭಪಾತವೂ ಕೊಲೆ, ಎಲ್ಲವೂ ಜೈಲು. ವಿನ್ಯಾಸ ಓದಿದವಳಾಗಿ ನಾನು ಅದನ್ನು ಅಳೆದು ನೋಡಿದೆ. ರಸ್ತೆಯಿಂದಲೇ ಅರ್ಥವಾಗುವ ಚಿತ್ರ. ನನ್ನ ಯಾವ ಕಾರ್ಡಿಗೂ ಆ ಶಕ್ತಿ ಇರಲಿಲ್ಲ.

‘ಇದನ್ನೂ ನೀವೇ ತೆಗದೀರೇನ್ರಿ?’ ಎಂದು ಕೇಳಿದಳು ಅವಳು.

‘ಇಲ್ಲ.’

‘ಇದನ್ನ ಭಾಳ ಚಲೋ ತೆಗದಾರ’ ಎಂದು ಕೂಸನ್ನು ಇನ್ನೊಂದು ಕಂಕುಳಿಗೆ ಬದಲಿಸಿಕೊಂಡಳು.

ಡಾಕ್ಟರು ಹೆಂಗಸು. ಬೆಳಗಿನಿಂದ ನಿಂತೇ ಇದ್ದವರ ಮುಖ. ಪರೀಕ್ಷೆ ಮಾಡಿದರು, ಹೋದ ಹೆರಿಗೆಯ ಬಗ್ಗೆ ಕೇಳಿದರು, ‘ನಿನಗ ಇನ್ನೊಂದು ಆಗೂದು ಚಲೋ ಅಲ್ಲ ತಂಗಿ’ ಎಂದು ಅವರೇ ಹೇಳಿದರು. ನಾನು ಒಳಗೊಳಗೇ ಉಸಿರು ಬಿಟ್ಟೆ. ಆಮೇಲೆ ಅವರು ಕೇಳಿದರು:

‘ಯಜಮಾನ್ರು ಬಂದಾರೇನು? ಸಹಿ ಬೇಕ.’

ಕಾಯ್ದೆಯಲ್ಲಿ ಹಾಗಿಲ್ಲವೆಂದು ನಾನು ಹೇಳಿದೆ. ದನಿ ಏರಿಸಲಿಲ್ಲ. ಏರಿಸುವ ಅಭ್ಯಾಸವೂ ಇಲ್ಲ. ಅವಳೂ ಸೆರಗಿನಿಂದ ಕಾರ್ಡು ತೆಗೆದು ಮೇಜಿನ ಮೇಲಿಟ್ಟಳು.

‘ಕಾಯ್ದೆ ನನಗೂ ಗೊತ್ತೈತಿ’ ಎಂದರು ಡಾಕ್ಟರು. ‘ಹೋದ ವರ್ಷ ಒಬ್ಬಾಕಿದು ಮಾಡಿದ್ವಿ. ಆಕಿ ಮಾವ, ಮೈದುನರು ಗಾಡಿ ತುಂಬ ಬಂದು ಈ ಬಾಗಿಲ ಮುಂದ ನಿಂತ್ರು. ಆವಾಗ ನಿಮ್ಮ ಕಾರ್ಡ್ ಬಂದಿತ್ತೇನ್ರಿ?’

ಪಕ್ಕದಲ್ಲಿ ನಿಂತಿದ್ದ ನರ್ಸು ಕಾರ್ಡನ್ನು ಎತ್ತಿ ನೋಡಿದಳು. ಅವಳು ಕಿಟಕಿಯಾಚೆಯ ಗಂಡನ ಮೇಲೆ ಬೆರಳಿಟ್ಟು, ‘ಇವ ಎಲ್ಲಿ ಹೊಂಟಾನ?’ ಎಂದಳು.

‘ಕುರಿ ಹಿಂದ್ರಿ’ ಎಂದಳು ನನ್ನ ಜೊತೆಯವಳು.

‘ಹಂಗಾರ ಕುರಿ ಬಿಟ್ಟ ಬಾ ಅನ್ನು. ಬಂದ ಮ್ಯಾಲ ನೋಡೂಣಂತ.’

ನರ್ಸು ಕುಚೋದ್ಯ ಮಾಡಿದ್ದಲ್ಲ. ಚಿತ್ರವನ್ನು ಅವಳು ಓದಿದ್ದೇ ಹಾಗೆ: ಗಂಡ ದೂರ ಹೋಗಿದ್ದಾನೆ, ಬರುವವರೆಗೆ ಕಾಯಬೇಕು. ತೆಲಸಂಗದ ಬೇವಿನಡಿಯಲ್ಲಿ ಒಂದು ಅರ್ಥ ಕೊಟ್ಟ ಚಿತ್ರ ಆ ಮೇಜಿನ ಮೇಲೆ ಇನ್ನೊಂದನ್ನು ಕೊಟ್ಟಿತು. ಅದಕ್ಕಿಂತ ಹೆಚ್ಚಾಗಿ ನನ್ನನ್ನು ಕುಗ್ಗಿಸಿದ್ದು ಡಾಕ್ಟರರ ಮಾತು. ಅವರಿಗೆ ತಿಳಿಯದಿದ್ದರೆ ತಿಳಿಸಬಹುದಿತ್ತು. ನನ್ನ ಕಸುಬು ಅಷ್ಟೇ, ತಿಳಿಯದವರಿಗೆ ತಿಳಿಸುವುದು. ತಿಳಿದವರ ಮುಂದೆ ನನ್ನ ಬಳಿ ಬಿಡಿಸಲು ಏನೂ ಇರಲಿಲ್ಲ.

ಆಮೇಲಿನ ದಿನಗಳಲ್ಲಿ ನಾನು ಸುಮ್ಮನಿರಲಿಲ್ಲ. ಚಿಕ್ಕೋಡಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಕೇಳಿದೆ, ಅಲ್ಲಿ ಗಂಡನ ಜೊತೆ ಅತ್ತೆಯ ಸಹಿಯೂ ಬೇಕೆಂದರು. ಗಡಿಯಾಚೆಯ ಒಂದು ಕಡೆ ಫೋನ್ ಮಾಡಿದರೆ, ಕರ್ನಾಟಕದ ಪೇಶಂಟ್ ಎಂದ ಕೂಡಲೇ ದನಿ ಬದಲಾಯಿತು. ಲಿಂಗ ನೋಡಿಸಿಕೊಂಡು ಬಂದವಳೆಂದೇ ಅವರ ಅನುಮಾನ. ಅವಳಿಗೆ ಫೋನ್ ಮಾಡಿ, ಬೆಳಗಾವಿಗೆ ಕರೆದೊಯ್ಯುತ್ತೇನೆಂದೆ. ‘ಹಲ್ಲು ನೋವಿಗೆ ಬೆಳಗಾಂವಿ ಮಟ ಯಾರ ಹೋಗ್ತಾರ್ರಿ?’ ಎಂದಳು. ಹೋದರೆ ಒಂದು ರಾತ್ರಿಯಾದರೂ ಉಳಿಯಬೇಕಿತ್ತು, ಕೂಸು ಇನ್ನೂ ಹಾಲು ಬಿಟ್ಟಿರಲಿಲ್ಲ. ಮೇಲಧಿಕಾರಿಗಳಿಗೆ ದೂರು ಕೊಡೋಣ, ನಿನ್ನ ಪರವಾಗಿ ಕಾಯ್ದೆ ಇದೆ ಎಂದೆ.

‘ದೂರಿನ್ಯಾಗ ನನ್ನ ಹೆಸರ ಇರತೈತೇನ್ರಿ?’

‘ಇರತೈತಿ.’

‘ಹಂಗಾರ ಬ್ಯಾಡ. ಹೆಸರ ಹೊರಗ ಬರೂದಿಲ್ಲಂತ ನೀವs ಹೇಳಿದ್ರಿ.’

ಹೇಳಿದ್ದೆ. ಅದಕ್ಕೂ ಒಂದು ಕಾರ್ಡು ಮಾಡಿದ್ದೆ, ಮುಚ್ಚಿದ ಬಾಗಿಲಿನ ಚಿತ್ರ. ಅವಳ ಜಾಗದಲ್ಲಿ ನಾನಿದ್ದರೂ ಬೇಡವೆನ್ನುತ್ತಿದ್ದೆ. ಒತ್ತಾಯ ಮಾಡಲಿಲ್ಲ.

ವಾರಗಳು ಹೋಗುತ್ತಿದ್ದವು. ಉಳಿದದ್ದು ಒಂದೇ ದಾರಿ, ಅವಳು ಬೇಡವೆಂದು ಇಷ್ಟು ದಿನ ತಪ್ಪಿಸಿದ್ದ ದಾರಿ. ಗಂಡ ಕಾಗವಾಡದ ಕಡೆ ಒಂದು ಹೊಲದಲ್ಲಿ ಹಿಂಡು ತರುಬಿದ್ದ. ಅವಳು ಫೋನ್ ಮಾಡಿದಳು. ನನ್ನ ಮನಸ್ಸಿನಲ್ಲಿ ಅವನೊಬ್ಬ ಒರಟನಾಗಿದ್ದ. ಆದರೆ ಅವನು ಬೈಯಲಿಲ್ಲವಂತೆ. ಹೋದ ಹೆರಿಗೆಯಲ್ಲಿ ಗಾಡಿಯಲ್ಲಿ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಮಿರಜಿಗೆ ಒಯ್ದವನು ಅವನೇ. ‘ಸಹಿ ಮಾಡ್ತೀನಿ. ಅವ್ವಗ ಒಂದ ಮಾತ ಕೇಳ’ ಎಂದನಂತೆ. ಅವ್ವನನ್ನು ಕೇಳದೆ ಅವನು ಕುರಿಯ ಉಣ್ಣೆಯನ್ನೂ ಕತ್ತರಿಸುವುದಿಲ್ಲ ಎಂದು ಅವಳು ನನಗೆ ಹೇಳಿದಳು, ಸ್ವಲ್ಪ ನಗುತ್ತಲೇ.

ಅತ್ತೆಯೂ ಬೈಯಲಿಲ್ಲ. ಹಲ್ಲುನೋವಿನ ಸುಳ್ಳಿನ ಬಗ್ಗೆಯೂ ಕೇಳಲಿಲ್ಲ. ‘ಇಷ್ಟ ದೊಡ್ಡ ಮಾತು ನಾವ್ಯಾರು ಹೇಳಾಕ? ಬೀರಪ್ಪನ್ನ ಕೇಳೂಣು’ ಎಂದಳು.

ಹಿಂಡು ಯಾವ ದಿಕ್ಕಿಗೆ ಹೊರಡಬೇಕು, ಬಾವಿ ಎಲ್ಲಿ ತೋಡಬೇಕು, ಹೆಣ್ಣು ತರಬೇಕೋ ಬೇಡವೋ, ಎಲ್ಲವನ್ನೂ ಆ ಮನೆತನದವರು ಮನೆದೇವರು ಬೀರಪ್ಪನನ್ನು ಹೂವಿನಿಂದ ಕೇಳುತ್ತಾರೆ. ಪೂಜಾರಿ ಒದ್ದೆ ಹೂವುಗಳನ್ನು ದೇವರ ಭುಜಕ್ಕೆ ಅಂಟಿಸಿ ಪ್ರಶ್ನೆ ಹೇಳುತ್ತಾನೆ. ಎಲ್ಲರೂ ಸುಮ್ಮನೆ ಕೂರುತ್ತಾರೆ. ಬಲಕ್ಕೆ ಬಿದ್ದರೆ ಹೌದು, ಎಡಕ್ಕೆ ಬಿದ್ದರೆ ಅಲ್ಲ. ಹಾಗೆ ಕೇಳುವುದನ್ನು ನಾನು ಚಿಕ್ಕವಳಿದ್ದಾಗ ನೋಡಿದ್ದೇನೆ. ಆ ಮೌನದಲ್ಲಿ ಯಾರೂ ಮೋಸ ಮಾಡುವುದಿಲ್ಲ. ಒಬ್ಬ ಹೆಂಗಸಿಗೆ ಕಾಯ್ದೆ ಕೊಟ್ಟ ಮಾತನ್ನು ಡಾಕ್ಟರು ಗಂಡನಿಗೆ ಕೊಟ್ಟರು, ಗಂಡ ತಾಯಿಗೆ ಕೊಟ್ಟ, ತಾಯಿ ದೇವರಿಗೆ ಕೊಟ್ಟಳು. ಯಾರೂ ಕೆಟ್ಟವರಾಗಿರಲಿಲ್ಲ. ಪ್ರತಿಯೊಬ್ಬರೂ ತಮಗಿಂತ ದೊಡ್ಡವರೆಂದು ತಿಳಿದವರ ಕೈಗೆ ಅದನ್ನು ಗೌರವದಿಂದಲೇ ದಾಟಿಸಿದ್ದರು.

ಸೋಮವಾರ ಸಂಜೆ ಅವಳ ಫೋನ್ ಬಂದಾಗ ನಾನು ಮಾಳಿಗೆಯ ಮೇಲೆ ಒಣಗಿದ ಬಟ್ಟೆ ತೆಗೆಯುತ್ತಿದ್ದೆ.

‘ಬಲಕ್ಕ ಬಿತ್ತ್ರಿ’ ಎಂದಳು.

‘ಏನಂತ ಕೇಳಿದ್ರು?’

‘ಕೂಸ ಇರಲೇನಪ್ಪ ಅಂತ.’

ಕಾಯ್ದೆಯ ಮಾತು ಬಾಯಿಗೆ ಬಂತು, ನುಂಗಿಕೊಂಡೆ.

‘ನನಗ ಕೇಳಾಕ ಬಿಟ್ಟಿದ್ರ ಬ್ಯಾರೆ ಕೇಳ್ತಿದ್ನಿ’ ಎಂದಳು. ‘ನಾ ಉಳೀತೀನೇನಪ್ಪ ಅಂತ ಕೇಳ್ತಿದ್ನಿ. ಬಾಗಲದಾಗ ನಿಂತಿದ್ನಿ, ಯಾರೂ ನನ್ನ ಕಡೆ ನೋಡ್ಲಿಲ್ಲ.’

‘ಇನ್ನೂ ಟೈಮ್ ಐತಿ. ನಾನು ಆ ಡಾಕ್ಟರ ಹತ್ರ ಮತ್ತೊಮ್ಮೆ—’

‘ಬ್ಯಾಡ್ರಿ. ಹೂವ ಬಿದ್ದ ಮ್ಯಾಲ ತೆಗಿಸಿಕೊಂಡ್ರ, ನಾಳೆ ಒಂದ ಕುರಿ ಸತ್ರೂ ನನ್ನಿಂದs ಅಂತಾರ. ಉಳದ ಮಕ್ಕಳಿಗೆ ಜ್ವರ ಬಂದ್ರೂ ನನ್ನಿಂದs. ಅದನ್ನ ಜೀವನ ಪೂರ್ತಿ ಕೇಳಿಸ್ಕೊಳ್ಳೂದು ನನ್ನಿಂದ ಆಗೂದಿಲ್ಲ.’ ಆಮೇಲೆ, ನನ್ನನ್ನು ಸಮಾಧಾನ ಮಾಡುವಂತೆ, ‘ಮಿರಜಿಗೇ ಒಯ್ತಾರಂತ್ರಿ ಈ ಸಲ. ಮೊದಲs ಒಯ್ತಾರಂತ’ ಎಂದಳು.

‘ನಾನು ಬಂದು ಭೆಟ್ಟಿ ಆಗ್ತೀನಿ.’

‘ಈಗ ಬರಬ್ಯಾಡ್ರಿ ಅಕ್ಕಾರ. ನೀವ್ ಬಂದ್ರ ಮಂದಿ ಕೇಳ್ತಾರ. ಕಾರ್ಡ್ ಒಲಿಗೆ ಹಾಕೀನಿ, ಸಿಟ್ಟ ಮಾಡ್ಕೋಬ್ಯಾಡ್ರಿ.’

ಸಿಟ್ಟಿಲ್ಲವೆಂದೆ. ಫೋನ್ ಇಟ್ಟ ಮೇಲೂ ಬಟ್ಟೆಗಳನ್ನು ತೋಳಿನ ಮೇಲೆ ಹಾಕಿಕೊಂಡು ನಿಂತೇ ಇದ್ದೆ. ಇಷ್ಟು ದಿನ ನಾನು ನಂಬಿದ್ದು, ಜನರಿಗೂ ಕಾಯ್ದೆಗೂ ನಡುವೆ ಇರುವುದು ಭಾಷೆಯ ಗೋಡೆ ಎಂದು. ಕಷ್ಟದ ಪದಗಳನ್ನು ತೆಗೆದು ಬಣ್ಣ, ಗೆರೆ ಇಟ್ಟರೆ ಗೋಡೆ ಬೀಳುತ್ತದೆ ಎಂದು. ಅವಳಿಗೆ ಎಲ್ಲ ಅರ್ಥವಾಗಿತ್ತು. ನನಗಿಂತ ಚೆನ್ನಾಗಿ ಅರ್ಥವಾಗಿತ್ತು. ಬಾಗಿಲಲ್ಲಿ ನಿಂತು ಹೂವು ನೋಡುತ್ತಿದ್ದಾಗಲೂ, ಈ ಮಾತು ಕೇಳಬೇಕಾದದ್ದು ತನ್ನನ್ನು ಎಂದು ಅವಳಿಗೆ ಗೊತ್ತಿತ್ತು. ಕಾರ್ಡು ನೋಡದಿದ್ದರೆ ಅಷ್ಟಾದರೂ ಗೊತ್ತಿರುತ್ತಿರಲಿಲ್ಲ. ನಾನು ಅವಳಿಗೆ ಕೊಟ್ಟದ್ದು ಅದೊಂದೇ. ಅದು ಒಳ್ಳೆಯದೋ ಕೆಟ್ಟದ್ದೋ ನನಗೆ ಇವತ್ತಿಗೂ ಹೇಳಲಾಗುವುದಿಲ್ಲ.

ಕೆಳಗೆ ಬಂದಾಗ ಅವ್ವ ಜೋಳ ಹಸನು ಮಾಡುತ್ತಿದ್ದಳು.

‘ಯಾರ್ದು ಫೋನು?’

‘ಕೆಲಸದ್ದು.’

‘ಮಾರಿ ಯಾಕ ಹಂಗಾಗೈತಿ?’

‘ಬಿಸಲು.’

ಸೂರ್ಯ ಮುಳುಗಿ ಆಗಲೇ ಹೊತ್ತಾಗಿತ್ತು. ಅವ್ವ ನನ್ನನ್ನು ಒಮ್ಮೆ ನೋಡಿ, ಮೊರದ ಜೋಳವನ್ನು ಮತ್ತೆ ಕೇರತೊಡಗಿದಳು.

ಮರುದಿನ ಬೆಳಿಗ್ಗೆ ನಿಪ್ಪಾಣಿಗೆ ಹೋದೆ. ಮೊದಲೇ ಒಪ್ಪಿಕೊಂಡ ಸಭೆ. ಬೀಡಿ ಕಟ್ಟುವ ಹೆಂಗಸರು ಒಬ್ಬರ ಮನೆಯ ಪಡಸಾಲೆಯಲ್ಲಿ ಮೊರಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಅವರಿಗೆ ಎಲೆ ಕತ್ತರಿಸುತ್ತಲೇ ಕೇಳಿಸಿಕೊಳ್ಳುವ ರೂಢಿ. ಕಾರ್ಡುಗಳನ್ನು ಒಂದೊಂದಾಗಿ ಎತ್ತಿ ತೋರಿಸಿದೆ. ಸಹಿಯ ಕಾರ್ಡು ಬಂದಾಗ, ತಂಬಾಕಿನ ಧೂಳಿಗೆ ಮೂಗಿಗೆ ಸೆರಗು ಕಟ್ಟಿಕೊಂಡಿದ್ದ ಒಬ್ಬಳು ತಲೆ ಎತ್ತಿದಳು.

‘ಏ ತಾಯಿ, ಹಿಂಗ ಒಬ್ಬಾಕಿನೇ ಹ್ವಾದ್ರ ಡಾಕ್ಟರ್ ನಿನ್ನ ನವರಾ ಎಲ್ಲಿ, ಗಂಡ ಎಲ್ಲಿ ಅಂತ ಕೇಳೂದಿಲ್ಲೇನು?’

ಇಂಥ ಪ್ರಶ್ನೆಗೆ ‘ಕೇಳುವಂತಿಲ್ಲ, ನಿನ್ನ ಸಹಿ ಸಾಕು’ ಎಂದು ಉತ್ತರಿಸಬೇಕೆಂದು ನಾನೇ ಸಂಸ್ಥೆಯ ಕೈಪಿಡಿಯಲ್ಲಿ ಬರೆದಿದ್ದೆ.

‘ಕೇಳ್ತಾರ್ರಿ’ ಎಂದೆ.

ಅವಳು ತಲೆಯಾಡಿಸಿ ಕತ್ತರಿಯನ್ನು ಮತ್ತೆ ಎಲೆಯ ಮೇಲಿಟ್ಟಳು. ನಾನು ಮುಂದಿನ ಕಾರ್ಡನ್ನು ಎತ್ತಿದೆ.